ಗಾಲಿಯ ನಡೆ

ನೆಟ್ಟಗೆ ನಡೆಯುವುದು ಬಲು ಸುಲಭವೆಂದು ಎಲ್ಲರೂ ತಿಳಿದಿರುತ್ತಾರೆ. ತಮ್ಮ ನಡೆ ನೆಟ್ಟಗಿದೆಯೆಂದೇ ಎಲ್ಲರೂ ನಂಬಿರುತ್ತಾರೆ. ನಿಜವನ್ನು ಬಲ್ಲದ್ದು ಚಪ್ಪಲಿ ಮಾತ್ರ. ಅದನ್ನು ತಿರುವಿ ನೋಡಿದರೆ ಅಟ್ಟೆಯ ಒಂದು ಬದಿ ಹೊಸದರಂತಿದ್ದು, ಇನ್ನೊಂದು ಬದಿ ಕಾಗದದಷ್ಟು ತೆಳ್ಳಗಾಗಿರುತ್ತದೆ. ಮೋಟಾರು ಗಾಡಿಯ ವಿಷಯವೂ ಇದಕ್ಕೆ ಹೊರತಲ್ಲ. ಅದರ ಚಪ್ಪಲಿ ಟೈರು. ಆದರೆ ಸವೆಯುವ ಭಾಗ ಒಳಮಗ್ಗುಲಲ್ಲಿರುವುದರಿಂದ, ಬಗ್ಗಿ ನೋಡದ ಹೊರತು ಯಾರ ಕಣ್ಣಿಗೂ ಬೀಳುವುದಿಲ್ಲ.

ಇಂಡಿಯಲ್ಲಿ ಮನೆ, ವಿಜಯಪುರದಲ್ಲಿ ನೌಕರಿ. ಹೀಗೆ ದಿನಕ್ಕೆ ನೂರು ಕಿಲೋಮೀಟರಿಗೂ ಮಿಕ್ಕಿ ಓಡಾಡುತ್ತಿದ್ದ ತರುಣನೊಬ್ಬ ಒಂದು ಹಳೆಯ ಸ್ವಿಫ್ಟ್ ಕಾರನ್ನು ಕೊಂಡನು. 2005ರಲ್ಲಿ ನಮ್ಮ ದೇಶದ ಬೀದಿಗಿಳಿದ ಈ ಪುಟ್ಟ ಕಾರು ಅಂದಿನಿಂದಲೂ ಓಟದ ಹುಚ್ಚಿರುವ ಯುವಕರ ಅಚ್ಚುಮೆಚ್ಚು. ಹಗುರವಾದ ಮೈ, ಚುರುಕಾದ ಸ್ಟಿಯರಿಂಗು. ಕೈಗೆ ಬಂದ ಮೇಲೆ ಇನ್ನಷ್ಟು ಚುರುಕು ಮಾಡೋಣವೆಂಬ ಆಸೆ ಹುಟ್ಟದೆ ಇರುವುದು ಕಷ್ಟ. ಅವನು ಕಾರಿನ ಮೈಯನ್ನು ನೆಲಕ್ಕೆ ತುಸು ತಗ್ಗಿಸುವ ಗಡುಸಾದ ಸ್ಪ್ರಿಂಗುಗಳನ್ನು ಹಾಕಿಸಿದನು. ಓಟದ ಪಂದ್ಯದ ಕಾರುಗಳಿಗೆ ಇಡುವ ಕೋನಗಳನ್ನು ಓದಿ ತಿಳಿದುಕೊಂಡು, ತನ್ನ ಗಾಲಿಗಳಿಗೂ ಅವನ್ನೇ ಇಡಿಸಿದನು. ಕಾರು ಹುಲಿಮರಿಯಂತೆ ತಿರುಗತೊಡಗಿತು. ಅವನ ಸಂತೋಷಕ್ಕೆ ಪಾರವಿರಲಿಲ್ಲ.

ಮನೆಯಲ್ಲಿ ಆ ಸಂತೋಷವನ್ನು ಹಂಚಿಕೊಳ್ಳದವರು ತಂದೆಯೊಬ್ಬರೇ. ಅವರು ಬಡಿಗರು. ಇಂಡಿ ಸೀಮೆಯ ಎರೆಹೊಲಗಳಲ್ಲಿ ಚಕ್ಕಡಿಗಳು ಓಡುತ್ತಿದ್ದ ಕಾಲದಲ್ಲಿ ಎಷ್ಟೋ ಗಾಲಿಗಳನ್ನು ಕಟ್ಟಿದ ಕೈ ಅವರದು. ಅರಗಳನ್ನು ಕೂಡಿಸಿ, ವೃತ್ತವನ್ನು ತಿದ್ದಿ, ಕಮ್ಮಾರನ ಬೆಂಕಿಯಲ್ಲಿ ಕೆಂಪಗೆ ಕಾದು ಹಿಗ್ಗಿದ ಕಬ್ಬಿಣದ ಹಳಿಯನ್ನು ಗಾಲಿಗೆ ತೊಡಿಸಿ ಮೇಲೆ ನೀರು ಸುರಿದರೆ, ಅದು ಕುಗ್ಗಿ, ಸಡಿಲವಿದ್ದ ಕೀಲುಗಳನ್ನೆಲ್ಲ ಒಂದೇ ಹಿಡಿತದಲ್ಲಿ ಬಿಗಿಯುತ್ತಿತ್ತು. ಟ್ರ್ಯಾಕ್ಟರು ಬಂದಿತು, ರಬ್ಬರು ಗಾಲಿಯ ಬಂಡಿ ಬಂದಿತು, ಕಸುಬು ನಿಂತಿತು. ಬಗ್ಗಿ ದುಡಿದ ಬೆನ್ನು ಮುಪ್ಪಿನಲ್ಲಿ ತನ್ನ ಲೆಕ್ಕವನ್ನು ಕೇಳತೊಡಗಿತು. ತಿಂಗಳಿಗೊಮ್ಮೆ ಅವರನ್ನು ಸೊಲ್ಲಾಪುರದ ವೈದ್ಯರಲ್ಲಿಗೆ ಕರೆದೊಯ್ಯಬೇಕಾಗಿತ್ತು. ಕಾರಿನಲ್ಲಿ ಕುಳಿತಾಗಲೆಲ್ಲ ಅವರು ಬಾಗಿಲ ಮೇಲಣ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಮುದುಕರಿಗೆ ವೇಗವೆಂದರೆ ಭಯವೆಂದು ಮಗನು ಮನಸ್ಸಿನಲ್ಲಿಯೇ ನಗುತ್ತಿದ್ದನು.

ಒಂದು ಮಳೆಗಾಲದ ಬೆಳಿಗ್ಗೆ, ಝಳಕಿಯನ್ನು ದಾಟಿ ಧೂಳಖೇಡದ ಕಡೆಗೆ ಹೋಗುತ್ತಿರುವಾಗ, ಮುಂದಿನ ಎಡಗಾಲಿಯ ಟೈರು ಢಮ್ಮೆಂದು ಒಡೆಯಿತು. ದೈವ ದೊಡ್ಡದು. ಮಳೆಯಿದ್ದುದರಿಂದ ವೇಗ ಕಡಿಮೆಯಿತ್ತು. ಹಿಂದೆ ಬರುತ್ತಿದ್ದ ಲಾರಿಯೂ ದೂರದಲ್ಲಿತ್ತು. ಕಾರು ಒಮ್ಮೆ ಓಲಾಡಿ ದಾರಿಯ ಅಂಚಿಗೆ ಹೋಗಿ ನಿಂತಿತು. ಮಗನ ಕೈಗಳು ನಡುಗುತ್ತಿದ್ದವು. ತಂದೆ ಮೆಲ್ಲಗೆ ಇಳಿದು, ನೋಯುವ ಬೆನ್ನನ್ನು ಬಗ್ಗಿಸಿ, ಗಾಲಿಯ ಒಳಮಗ್ಗುಲಲ್ಲಿ ಕೈಯಾಡಿಸಿದರು. ಹೊರಗಿನ ಅಂಚಿನಲ್ಲಿ ಅಚ್ಚು ಒತ್ತಿದಂತೆ ಗೀರುಗಳಿದ್ದವು. ಒಳಗಿನ ಅಂಚಿನಲ್ಲಿ ರಬ್ಬರು ಮುಗಿದು ಒಳಗಣ ಎಳೆಗಳೇ ಕಾಣುತ್ತಿದ್ದವು.

"ತಮ್ಮಾ, ಗಾಲಿ ಓರೆ ನಡದೈತಿ," ಎಂದರು.

"ಬೇಕಂತನ ಹಂಗ ಇಡಿಸೇನಪ್ಪಾ. ತಿರುವಿನ್ಯಾಗ ಗಟ್ಟಿ ಹಿಡೀತೈತಿ."

"ಹಿಡೀಲಿ. ಆದ್ರ ನಾವು ದಿನಾ ಹೋಗೂದು ನೆಟ್ಟನ ದಾರ್ಯಾಗಲ್ಲೇನು? ಎತ್ತಾಗಿದ್ರ ಆಗಲೇ ಹೇಳ್ತಿತ್ತು, ಹೆಗಲು ಬಾತಿರ್ತಿತ್ತು. ಈ ಇಂಜಿನ್ನಿಗೆ ಬಾಯಿಲ್ಲ."

ಮಗನಲ್ಲಿ ಇದಕ್ಕೆ ಉತ್ತರವಿರಲಿಲ್ಲ.

ಗಾಲಿಯ ನಡೆಯನ್ನು ನಿರ್ಣಯಿಸುವ ಕೋನಗಳು ಮುಖ್ಯವಾಗಿ ಮೂರು. ಕಾರನ್ನು ಎದುರಿನಿಂದ ನೋಡಿದಾಗ ಗಾಲಿ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಮೇಲಿನಿಂದ ನೋಡಿದಾಗ ಎರಡು ಗಾಲಿಗಳ ಮೂತಿ ಒಂದರ ಕಡೆಗೊಂದು ತಿರುಗಿವೆಯೋ, ಬೇರೆ ಬೇರೆಯಾಗಿ ಹೊರಳಿವೆಯೋ ಎಂಬುದು ಟೋ. ನಿಂತಾಗ ಕೆಲವರ ಹೆಬ್ಬೆರಳುಗಳು ಎದುರುಬದುರಾಗುತ್ತವೆ, ಕೆಲವರವು ದಿಕ್ಕಿಗೊಂದಾಗುತ್ತವಲ್ಲವೆ, ಹಾಗೆ. ಪಕ್ಕದಿಂದ ನೋಡಿದಾಗ ಗಾಲಿ ತಿರುಗುವ ಅಚ್ಚು ಹಿಂದಕ್ಕೆ ಒರಗಿರುವುದು ಕ್ಯಾಸ್ಟರ್. ಸೈಕಲ್ಲಿನ ಮುಂದಣ ಕವಲು ಹೀಗೆ ಒರಗಿರುವುದು ಕೈಬಿಟ್ಟರೂ ಅದು ನೆಟ್ಟಗೆ ಓಡಲು ಒಂದು ಕಾರಣ.

ತರುಣನು ಓದಿಕೊಂಡದ್ದು ಸುಳ್ಳಾಗಿರಲಿಲ್ಲ. ವೇಗವಾಗಿ ತಿರುಗುವ ಕಾರಿನ ಮೈ ಹೊರಬದಿಗೆ ವಾಲುತ್ತದೆ. ಭಾರವೆಲ್ಲ ಹೊರಗಾಲಿಯ ಹೊರ ಅಂಚಿನ ಮೇಲೆ ಬೀಳುತ್ತದೆ. ಮೊದಲೇ ಗಾಲಿಯ ನೆತ್ತಿಯನ್ನು ತುಸು ಒಳಕ್ಕೆ ವಾಲಿಸಿಟ್ಟಿದ್ದರೆ, ಆ ಹೊತ್ತಿನಲ್ಲಿ ಟೈರು ನೆಲದ ಮೇಲೆ ಅಂಗಾಲೂರಿ ನಿಲ್ಲುತ್ತದೆ. ಗಾಲಿಗಳ ಮೂತಿ ಕೊಂಚ ಹೊರಮುಖವಾಗಿದ್ದರೆ ಕಾರು ತಿರುವಿಗೆ ಥಟ್ಟನೆ ಹೊರಳುತ್ತದೆ. ಚೆನ್ನೈ ಬಳಿಯ ಇರುಂಗಾಟ್ಟುಕೋಟೈಯ ಓಟದ ಪಥದಲ್ಲಿ ಇದು ಸರಿಯಾದ ನೀತಿಯೇ. ಅಲ್ಲಿ ತಿರುವಿನ ಹಿಂದೆ ತಿರುವು ಬರುತ್ತದೆ. ಟೈರು ಬೇಗ ಸವೆದರೆ ಯಾರೂ ಅಳುವುದಿಲ್ಲ. ಆದರೆ ಭೀಮಾತೀರದ ಬಯಲುಸೀಮೆಯಲ್ಲಿ ದಾರಿ ಬಹುಪಾಲು ನೆಟ್ಟಗೆ ಹೋಗುತ್ತದೆ. ಅದೂ ಎರೆಮಣ್ಣಿನ ಮೇಲಣ ದಾರಿ! ಮಳೆಗೆ ಉಬ್ಬಿ, ಬಿಸಿಲಿಗೆ ಬಿರಿಯುವ ಆ ಮಣ್ಣು ಡಾಂಬರನ್ನು ಸಮತಟ್ಟಾಗಿ ಇರಗೊಡುವುದಿಲ್ಲ. ಕಬ್ಬಿನ ಕಾಲ ಬಂದಿತೆಂದರೆ ಜೋಡಿ ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಉಳಿದ ಕೆಲಸವನ್ನು ಪೂರೈಸುತ್ತವೆ.

ಹೊಸ ಟೈರು ಕೊಳ್ಳಲು ಅಪ್ಪ ಮಗ ಇಬ್ಬರೂ ವಿಜಯಪುರದ ಒಂದು ಅಂಗಡಿಗೆ ಹೋದರು. ಅಲ್ಲಿಯ ಮಿಸ್ತ್ರಿ ಹರೆಯದವನಾದರೂ ಕೆಲಸ ಬಲ್ಲವನು. ನಾಲ್ಕು ಗಾಲಿಗಳಿಗೂ ಫಲಕಗಳನ್ನು ಕಚ್ಚಿಸಿ, ಪರದೆಯ ಮೇಲೆ ಮೂಡಿದ ಅಂಕಿಗಳನ್ನು ನೋಡಿ ಅವನು ಕೇಳಿದ ಮೊದಲ ಪ್ರಶ್ನೆ: "ಸರ, ನೀವು ರೇಸಿಗೆ ಹೊಂಟೀರೋ, ಡ್ಯೂಟಿಗೆ ಹೊಂಟೀರೋ?"

ಮುಂದಿನ ಗಾಲಿಗಳು ಎರಡು ಡಿಗ್ರಿಗಿಂತಲೂ ಹೆಚ್ಚು ಒಳಕ್ಕೆ ವಾಲಿದ್ದವು. ಒಂದೊಂದು ಗಾಲಿಯೂ ಕಾಲು ಡಿಗ್ರಿಯಷ್ಟು ಹೊರಮುಖವಾಗಿತ್ತು. ಟೈರನ್ನು ತಿಂದದ್ದು ವಾಲಿಕೆಯೇ ಎಂದು ತರುಣನು ಭಾವಿಸಿದ್ದನು. ಮಿಸ್ತ್ರಿ ತಲೆಯಾಡಿಸಿದನು. ವಾಲಿಕೆ ಸವೆತದ ಜಾಗವನ್ನು ಗೊತ್ತುಮಾಡುತ್ತದೆ, ನಿಜ. ಆದರೆ ಉಜ್ಜುವುದು ಟೋ. ಕಾಲು ಡಿಗ್ರಿಯೆಂದರೆ ಗಾಲಿಯ ಮುಂದಂಚಿಗೂ ಹಿಂದಂಚಿಗೂ ಎರಡೂವರೆ ಮಿಲಿಮೀಟರಿನಷ್ಟೇ ವ್ಯತ್ಯಾಸ. ಆದರೂ ಲೆಕ್ಕ ಹಾಕಿದರೆ ಪ್ರತಿ ಕಿಲೋಮೀಟರಿಗೆ ಟೈರು ನಾಲ್ಕು ಮೀಟರಿಗೂ ಮಿಕ್ಕಿ ಅಡ್ಡಡ್ಡಲಾಗಿ ಉಜ್ಜಿಕೊಂಡು ಹೋಗುತ್ತದೆ. ದಿನಕ್ಕೆ ನೂರು ಕಿಲೋಮೀಟರೆಂದರೆ ನಾನೂರು ಮೀಟರು! ನಾಲ್ಕುನೂರು ಮೀಟರು ಉದ್ದದ ಸಾಣೆಕಲ್ಲಿನ ಮೇಲೆ ದಿನವೂ ತೇಯಿಸಿಕೊಂಡ ಟೈರು ಇಷ್ಟು ಕಾಲ ಬದುಕಿದ್ದೇ ಹೆಚ್ಚು.

ಮುದುಕರ ಮುಖ ಅರಳಿತು. "ಇದನ್ನ ನಾ ಹೇಳೂದು," ಎಂದು ಅವರು ಮಿಸ್ತ್ರಿಯ ಕಡೆಗೆ ತಿರುಗಿದರು. "ಎರಡೂ ಗಾಲಿ ಒಂದಕ್ಕೊಂದು ಮಾತಾಡಿಕೊಂಡು ನಡೀಬೇಕು."

"ಖರೆ ಕಾಕಾ," ಎಂದು ಅವನು ನಕ್ಕನು.

ಆ ಮಾತು ಮುದುಕರೊಬ್ಬರದೇ ಅಲ್ಲ. ಗಾಲಿಗಳ ಈ ಶಾಸ್ತ್ರದ ಬಹುಭಾಗ ಇಂಜಿನ್ನಿಗಿಂತ ಹಳೆಯದು. ತಿರುಗುವಾಗ ಒಳಗಾಲಿ ಹೊರಗಾಲಿಗಿಂತ ಹೆಚ್ಚು ಹೊರಳಬೇಕೆಂಬ, ಇಂದಿನ ಕಾರುಗಳಲ್ಲೂ ಉಳಿದುಬಂದಿರುವ ಸೂತ್ರವನ್ನು ಮ್ಯೂನಿಕ್ಕಿನ ಲಾಂಕೆನ್‌ಸ್ಪರ್ಗರ್ ಎಂಬ ಗಾಡಿ ಕಟ್ಟುವವನು ರೂಪಿಸಿದ್ದು ಕುದುರೆಗಾಡಿಗಾಗಿ. ಅವನ ಪರವಾಗಿ ರುಡಾಲ್ಫ್ ಆಕರ್‌ಮನ್ ಲಂಡನ್ನಿನಲ್ಲಿ ಅದಕ್ಕೆ ಪೇಟೆಂಟ್ ಪಡೆದದ್ದು 1818ರಲ್ಲಿ. ಹೆಸರು ಆಕರ್‌ಮನ್ನನದಾಗಿ ಉಳಿಯಿತು. ಗಾಡಿ ಕಟ್ಟಿದವನನ್ನು ಲೋಕ ಮರೆಯಿತು. ಬಡಿಗನ ಪಾಲಿಗೆ ಇದು ಹೊಸ ಕಥೆಯಲ್ಲ.

ಇನ್ನು ಆಯ್ಕೆಯ ಪ್ರಶ್ನೆ. ತಗ್ಗಿಸಿದ ಸ್ಪ್ರಿಂಗುಗಳು ಮೊದಲು ಹೋಗಬೇಕೆಂದು ಮಗನೇ ಹೇಳಿದನು. ಕಾರು ತಗ್ಗಿದಂತೆ ಗಾಲಿಯ ವಾಲಿಕೆಯೂ ಟೋ ಕೂಡ ತಾವಾಗಿಯೇ ಬದಲಾಗುತ್ತವೆ. ಮೇಲಾಗಿ ಹಳ್ಳಿಹಳ್ಳಿಯ ರಸ್ತೆಯುಬ್ಬುಗಳಿಗೆ ಹೊಟ್ಟೆ ಉಜ್ಜುತ್ತದೆ. ಮೂಲದ ಸ್ಪ್ರಿಂಗು ಮರಳಿ ಬಂದ ಮೇಲೆ ಕೀಲುಗಳಲ್ಲಿ ಸಡಿಲವಿದೆಯೇ, ಬುಷ್ಷುಗಳು ಸವೆದಿವೆಯೇ, ಟೈರಿನ ಗಾಳಿ ಸರಿಯಾಗಿದೆಯೇ ಎಂದು ಮಿಸ್ತ್ರಿ ನೋಡಿದನು. ಸಡಿಲ ಕೀಲಿನ ಮೇಲೆ ಕೋನ ಕೂಡಿಸುವುದು ನೀರಿನ ಮೇಲೆ ಬರೆದಂತೆ. ಈ ಕಾರಿನಲ್ಲಿ ಹಿಂದಣ ಗಾಲಿಗಳನ್ನು ತಿದ್ದುವ ಏರ್ಪಾಡಿಲ್ಲ. ಅವು ಸರಿಯಿವೆಯೆಂದು ಪರೀಕ್ಷಿಸಬಹುದು, ಅಷ್ಟೆ. ಕ್ಯಾಸ್ಟರ್ ಕೂಡ ಎಡಬಲ ಸಮವಾಗಿದೆಯೇ ಎಂದು ನೋಡುವುದಕ್ಕೆ ಮಾತ್ರ. ಉಳಿದದ್ದು ಎರಡು.

ಕ್ಯಾಂಬರನ್ನು ಒಂದು ಡಿಗ್ರಿ ಒಳವಾಲಿಕೆಗೆ ತರುವುದೆಂದು ಗೊತ್ತಾಯಿತು. ಓಟದ ಪಥಕ್ಕೆ ಅದು ಸಾಲದು. ಆದರೆ ತಿರುವಿನಲ್ಲಿ ಕಾರು ಇನ್ನೂ ಚುರುಕಾಗಿಯೇ ಇರುತ್ತದೆ, ಟೈರಿನ ಅಗಲವೆಲ್ಲ ನೆಲಕ್ಕೆ ತಾಗುತ್ತದೆ. ಟೋ ಬಹುತೇಕ ಸೊನ್ನೆ. ಎರಡೂ ಗಾಲಿ ಸೇರಿ ಡಿಗ್ರಿಯ ಹತ್ತನೆಯ ಒಂದು ಪಾಲು ಒಳಮುಖ. ಬ್ರೇಕು ಒತ್ತಿದಾಗ ಗಾಲಿಗಳು ಹೊರಮುಖವಾಗಲು ಎಳಸುತ್ತವೆ. ಅದಕ್ಕೆ ಇಷ್ಟು ಮುಂಗಡ ಸಾಕು. ಈಗ ಉಜ್ಜಾಟ ಗಾಲಿಗೆ ಕಿಲೋಮೀಟರಿಗೆ ಒಂದು ಮೀಟರಿಗೂ ಕಡಿಮೆ. ಕ್ಯಾಂಬರನ್ನು ಮುಟ್ಟಿದರೆ ಟೋ ಕದಲುವುದರಿಂದ, ಅದನ್ನು ಮೊದಲು ಕೂಡಿಸಿ, ಟೋವನ್ನು ಕಡೆಗೆ ತಿದ್ದಬೇಕು.

ಮಿಸ್ತ್ರಿ ಕೀಲಿಗೆ ಪಾನ ಹಾಕುವುದರೊಳಗೆ ತರುಣನು ತಡೆದನು. ಭಾರ ಬಿದ್ದಾಗ ಕೋನ ಬದಲಾಗುತ್ತದೆಂದು ಅವನು ಹಿಂದೆಯೇ ಓದಿದ್ದನು. ಪಂದ್ಯದ ಕಾರುಗಳಲ್ಲಿ ಓಡಿಸುವವನ ತೂಕವನ್ನು ಆಸನದ ಮೇಲಿಟ್ಟು ಅಳೆಯುತ್ತಾರೆ. ಆಗ ಅವನು ತನ್ನ ತೂಕವೊಂದನ್ನೇ ನೆನೆದಿದ್ದನು. ಈಗ ಎಡಬದಿಯ ಬಾಗಿಲನ್ನು ತೆರೆದು, "ಅಪ್ಪಾ, ನೀ ಒಳಗ ಕೂಡು," ಎಂದನು. ತಾನೂ ಬಲಬದಿಯಲ್ಲಿ ಕುಳಿತನು. ಪರದೆಯ ಮೇಲೆ ಅಂಕಿಗಳು ತುಸು ಅಲುಗಿ ಬೇರೆಯಾಗಿ ನಿಂತವು. "ಇನ್ನ ಹಚ್ಚರಿ," ಎಂದನು.

ಅಂದು ಸಂಜೆ ಇಂಡಿಯ ದಾರಿಯಲ್ಲಿ, ನಿಂಬೆಯ ತೋಟಗಳ ನಡುವಣ ಒಂದು ನೆಟ್ಟನೆಯ ಹಾದಿಯಲ್ಲಿ, ಅವನು ಸ್ಟಿಯರಿಂಗಿನ ಹಿಡಿತವನ್ನು ತುಸು ಸಡಿಲಿಸಿ ನೋಡಿದನು. ಕಾರು ಅತ್ತಿತ್ತ ಎಳೆಯಲಿಲ್ಲ. ಮುಂದೊಂದು ತಿರುವು ಬಂದಿತು. ಹಿಂದಿನಷ್ಟಲ್ಲದಿದ್ದರೂ ಸೊಗಸಾಗಿಯೇ ಹೊರಳಿತು. ಕಳೆದುಕೊಂಡದ್ದು ಇಷ್ಟೇ ಏನು ಎಂದು ಅವನಿಗೆ ಅಚ್ಚರಿಯಾಯಿತು. ಹೇಳೋಣವೆಂದು ಎಡಕ್ಕೆ ನೋಡಿದನು. ತಂದೆ ನಿದ್ರೆ ಹೋಗಿದ್ದರು. ಬಾಗಿಲ ಮೇಲಣ ಹಿಡಿಯನ್ನು ಬಿಟ್ಟ ಆ ಕೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಅವರು ಇಷ್ಟು ದಿನ ಹಿಡಿದುಕೊಂಡದ್ದು ವೇಗದ ಭಯಕ್ಕಲ್ಲ, ಬೆನ್ನಿಗೆ ತಗಲುತ್ತಿದ್ದ ಒಂದೊಂದು ಪೆಟ್ಟಿಗೆ ಎಂಬುದು ಆಗ ಅವನಿಗೆ ತಿಳಿಯಿತು. ಎತ್ತಿನಂತೆ ಅವರೂ ತಮ್ಮ ರೀತಿಯಲ್ಲಿ ಹೇಳುತ್ತಲೇ ಇದ್ದರು. ಕೇಳುವವನು ಬಗ್ಗಿ ನೋಡಿರಲಿಲ್ಲ.