ಇಪ್ಪತ್ತು ಕುದುರೆ, ಒಂದು ಸ್ಟಾಪ್‌ವಾಚು

ಘಾಟ್ಕೋಪರಿನ ಪಂತ್‌ನಗರದಲ್ಲಿ ನಮ್ಮ ಬಿಲ್ಡಿಂಗಿನ ಕೆಳಗೆ ನಿಲ್ಲುವ ಬೊಲೆರೊ ಪಿಕಪ್ಪು ನನ್ನದಲ್ಲ, ಅಕ್ಕನ ಮಗನದು. ಆದರೂ ಅದರ ಕಂತು ಕಟ್ಟುವ ತಾರೀಖು ನನಗೆ ಬಾಯಿಪಾಠವಾಗಿತ್ತು. ಯಾಕೆಂದರೆ 2018ರಲ್ಲಿ ಐದು ವರ್ಷದ ಸಾಲದ ಕಾಗದಕ್ಕೆ ಜಾಮೀನು ಸಹಿ ಹಾಕಿದ್ದು ಈ ಮಾವನೇ!

ರಾತ್ರಿ ಮೂರಕ್ಕೆ ಎದ್ದು, ಮಾನ್‌ಖುರ್ದ್ ಲಿಂಕ್ ರೋಡ್ ಹಿಡಿದು, ವಾಶಿ ಸೇತುವೆ ದಾಟಿ ತುರ್ಭೆಯ ಎ.ಪಿ.ಎಂ.ಸಿ. ಮಾರ್ಕೆಟ್ಟಿಗೆ ಹೋಗುವುದು, ತರಕಾರಿ ತುಂಬಿಕೊಂಡು ಏಳರೊಳಗೆ ಇಲ್ಲಿನ ನಮ್ಮವರ ಹೋಟೆಲುಗಳಿಗೆ ಹಾಕುವುದು ಅವನ ಕೆಲಸ. ಲಾಕ್‌ಡೌನಿನಲ್ಲಿ ಅರ್ಧ ಹೋಟೆಲುಗಳು ಮುಚ್ಚಿದವು. ಉಳಿದವರು ಬಾಡಿಗೆ ಇಳಿಸಿದರು. ಹಾಗಾಗಿ 2022ರ ಜನವರಿಯಲ್ಲಿ ಒಬ್ಬ ಕಂಟ್ರಾಕ್ಟರು ಲೋಣಾವಳಕ್ಕೆ ಟೈಲ್ಸ್ ಸಾಗಿಸುವ ಕೆಲಸ ಕೊಡುತ್ತೇನೆ ಅಂದಾಗ ಹುಡುಗ ಕುಣಿದುಬಿಟ್ಟ. ವಾರಕ್ಕೆ ಮೂರು ಟ್ರಿಪ್ಪು. ಒಂದೇ ಷರತ್ತು, ಒಂದು ಟ್ರಿಪ್ಪಿಗೆ ಎರಡು ಟನ್.

ಆ ಗಾಡಿಗೆ ಪಾಸಾದದ್ದು ಹೆಚ್ಚು ಕಡಿಮೆ ಒಂದೂಕಾಲು ಟನ್ನು ಮಾತ್ರ. ಎಂಜಿನ್ನು 2523 ಸಿ.ಸಿ., ಕಂಪನಿಯ ಲೆಕ್ಕದಲ್ಲಿ 63 ಅಶ್ವಶಕ್ತಿ. ಖಂಡಾಲಾ ಘಾಟಿ ಹತ್ತುವಾಗ ಎರಡನೇ ಗೇರಿಗೆ ಬಂದು ಏದುಸಿರು ಬಿಡುತ್ತದೆ. ಇದಕ್ಕೆ ಹುಡುಗ ಕಂಡುಕೊಂಡ ಔಷಧಿಯೇ ಟ್ಯೂನಿಂಗು. ಎಂಜಿನ್ ಕಂಪ್ಯೂಟರಿನೊಳಗಿನ ಫೈಲ್ ತೆಗೆದು ಬೇರೆ ಹಾಕುವುದು. ಗ್ಯಾರೇಜಿನವನು (ಹೆಸರು ಬೇಡ ಬಿಡಿ) ಹೇಳಿದನಂತೆ: ಇಪ್ಪತ್ತು ಕುದುರೆ ಜಾಸ್ತಿ, ಮೈಲೇಜೂ ಜಾಸ್ತಿ, ಹದಿನೆಂಟು ಸಾವಿರ ರೂಪಾಯಿ. ಆ ಹದಿನೆಂಟು ಸಾವಿರ ಹೋದದ್ದು ನನ್ನ ಪಾಸ್‌ಬುಕ್ಕಿನಿಂದ.

"ಮಾವ, ಕೂಕಣಿ, ಈಗ ಹ್ಯಾಂಗ್ ಎಳಿತ್ ಕಾಣಿ!" ಅಂತ ಅವತ್ತು ಸಂಜೆ ನನ್ನನ್ನು ಹತ್ತಿಸಿಕೊಂಡು ಈಸ್ಟರ್ನ್ ಎಕ್ಸ್‌ಪ್ರೆಸ್ ಹೈವೇಗೆ ಬಿಟ್ಟ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತು. ಕಾಲು ಇಟ್ಟರೆ ಸಾಕು, ಗಾಡಿ ಜಿಗಿಯುತ್ತಿತ್ತು. "ಹೌದು ಮಾರಾಯ" ಅಂದೆ. ಅಂದು ರಾತ್ರಿ ನಿದ್ದೆ ಬರಲಿಲ್ಲ. ನಾನು ವಿಕ್ರೋಳಿಯ ಒಂದು ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ 27 ವರ್ಷ ಮೈಕ್ರೋಮೀಟರ್ ಹಿಡಿದವನು. "ಹಾಗನ್ನಿಸುತ್ತೆ ಸಾರ್" ಅಂದ ಹುಡುಗರಿಗೆಲ್ಲ ಬೈದವನು. ಈಗ ಎರಡು ಟನ್ ಟೈಲ್ಸು, ಘಾಟಿಯ ಇಳಿಜಾರು, ಒಳಗೆ ಅಕ್ಕನ ಮಗ... ಎಲ್ಲ ನನ್ನ ಒಂದು "ಹೌದು ಮಾರಾಯ"ದ ಮೇಲೆ ನಿಂತಿದೆಯಲ್ಲ ಅನ್ನಿಸಿತು.

ಮರುದಿನ ಗ್ಯಾರೇಜಿಗೆ ಹೋದೆ. ಅವನೇನು ಕೆಟ್ಟವನಲ್ಲ, ಚಹಾ ತರಿಸಿ ಲ್ಯಾಪ್‌ಟಾಪ್ ತೆರೆದು ತೋರಿಸಿದ. ಒಳಗಿರುವುದು ಬರೀ ಕೋಷ್ಟಕಗಳು, ನಮ್ಮ ಮಗ್ಗಿ ಪುಸ್ತಕದ ಹಾಗೆ. ಎಂಜಿನ್ ಇಷ್ಟು ಸುತ್ತು ತಿರುಗುತ್ತಿದೆ, ಪೆಡಲ್ ಇಷ್ಟು ಒತ್ತಿದ್ದಾರೆ, ಹಾಗಾದರೆ ಇಷ್ಟು ಡೀಸೆಲ್ಲು, ಇಷ್ಟು ಒತ್ತಡದಲ್ಲಿ, ಈ ಗಳಿಗೆಯಲ್ಲಿ ಸಿಂಪಡಿಸು. ಕಂಪನಿಯವರು ಬಿಸಿಲು, ಕೆಟ್ಟ ಡೀಸೆಲ್, ಹೊಗೆಯ ಕಾನೂನು, ಎಂಜಿನ್ನಿನ ಆಯುಷ್ಯ ಎಲ್ಲ ನೋಡಿ ಸ್ವಲ್ಪ ಕೈ ಬಿಗಿಹಿಡಿದಿರುತ್ತಾರೆ. ಟ್ಯೂನಿಂಗಿನವನು ಆ ಕೈ ಸಡಿಲಿಸುತ್ತಾನೆ. ಟರ್ಬೊ ಇರುವ ಡೀಸೆಲ್ ಎಂಜಿನ್ನಿನಲ್ಲಿ ಇದರಿಂದ ನಿಜಕ್ಕೂ ಶಕ್ತಿ ಬರುತ್ತದೆ, ಸುಳ್ಳಲ್ಲ.

"ಮತ್ತೆ ಇದೇನು?" ಅಂತ ಇನ್ನೊಂದು ಕೋಷ್ಟಕ ತೋರಿಸಿ ಕೇಳಿದೆ. ಅದು ಪೆಡಲಿನದು ಅಂದ. ಈಗಿನ ಗಾಡಿಯಲ್ಲಿ ಪೆಡಲಿಗೂ ಎಂಜಿನ್ನಿಗೂ ನಡುವೆ ಕೇಬಲ್ ಇಲ್ಲ, ಬರೀ ವೈರು. ಅರ್ಧ ಒತ್ತಿದರೆ ಮುಕ್ಕಾಲು ಅಂತ ಓದಿಕೋ ಎಂದು ಕಂಪ್ಯೂಟರಿಗೆ ಹೇಳಬಹುದು. ಹಾಗೆ ಹೇಳಿದ್ದ. ಪೂರ್ತಿ ಒತ್ತಿದಾಗ ಸಿಗುವ ಶಕ್ತಿಗೆ ಇದರಿಂದ ಒಂದು ಗುಲಗಂಜಿಯಷ್ಟೂ ಸೇರುವುದಿಲ್ಲ. ಆದರೆ ಡ್ರೈವರನಿಗೆ ಕುದುರೆ ಹಾರಿದ ಹಾಗೆ ಅನ್ನಿಸುತ್ತದೆ!

ಸರಿಯಾಗಿ ಅಳೆಯಬೇಕಾದರೆ ಡೈನಮೋಮೀಟರ್ ಬೇಕು, ಅಂದರೆ ಗಾಡಿಯ ಚಕ್ರ ಉರುಳೆಗಳ ಮೇಲೆ ತಿರುಗುವಾಗ ಬಲ ಅಳೆಯುವ ಯಂತ್ರ. ಅಲ್ಲಿಯೂ ಒಂದು ತಕರಾರಿದೆ. ಕಂಪನಿ ಹೇಳುವುದು ಎಂಜಿನ್ನಿನ ಶಕ್ತಿ, ಉರುಳೆ ಹೇಳುವುದು ಗೇರು-ಆಕ್ಸೆಲ್ಲುಗಳಲ್ಲಿ ಕಳೆದು ಚಕ್ರಕ್ಕೆ ಉಳಿದ ಶಕ್ತಿ. ಒಂದರಿಂದ ಇನ್ನೊಂದನ್ನು ಕಳೆದರೆ ಲೆಕ್ಕ ತಪ್ಪು. ಮೊದಲೂ ಆಮೇಲೂ ಒಂದೇ ಯಂತ್ರದ ಮೇಲೆ ನಿಲ್ಲಿಸಬೇಕು, ಅವತ್ತಿನ ಸೆಕೆ, ಗಾಳಿಯ ಒತ್ತಡದ ತಿದ್ದುಪಡಿಯೂ ಬೇಕು. ನಮ್ಮ ಗ್ಯಾರೇಜಿನಲ್ಲಿ ಡೈನಮೋಮೀಟರ್ ಇರಲಿಲ್ಲ. ಹಾಗಾದರೆ ಇಪ್ಪತ್ತು ಕುದುರೆ ಎಲ್ಲಿಂದ ಬಂತು? ಕೇಳಿದರೆ ನಕ್ಕ.

ಕೊನೆಗೆ ಹೈಸ್ಕೂಲಿನ ಭೌತಶಾಸ್ತ್ರವೇ ಗತಿಯಾಯಿತು. ಮರಳಿನ ಚೀಲ ತುಂಬಿ, ನಾವಿಬ್ಬರೂ ಕೂತು, ತುರ್ಭೆಯ ಧರ್ಮಕಾಟಾದಲ್ಲಿ ತೂಗಿಸಿದೆವು: 2,400 ಕಿಲೋ. ಭಾನುವಾರ ಬೆಳಗ್ಗೆ ಐದೂವರೆಗೆ ನವಿ ಮುಂಬಯಿಯ ಒಂದು ನೇರ ರಸ್ತೆ (ಯಾವುದು ಅಂತ ಹೇಳುವುದಿಲ್ಲ, ನೀವೂ ಹೋಗಿ ಶುರುಮಾಡಬೇಡಿ :-) ). ಮೂರನೇ ಗೇರು, ಪೂರ್ತಿ ಪೆಡಲ್, 30ರಿಂದ 60 ಕಿ.ಮೀ. ವೇಗಕ್ಕೆ ಎಷ್ಟು ಸೆಕೆಂಡು? ಗಾಡಿಯ ಸ್ಪೀಡೋಮೀಟರ್ ಸ್ವಲ್ಪ ಹೆಚ್ಚೇ ತೋರಿಸುವುದರಿಂದ ಮೊಬೈಲಿನ ಜಿ.ಪಿ.ಎಸ್. ನೋಡಿದೆವು. ಗಾಳಿ, ಏರು-ತಗ್ಗು ಸರಿದೂಗಲಿ ಅಂತ ಹೋಗುತ್ತ ನಾಲ್ಕು ಸಲ, ಬರುತ್ತ ನಾಲ್ಕು ಸಲ. ಟೈರಿನ ಗಾಳಿ ಪ್ರತಿ ಸಲ ಅಷ್ಟೇ.

ಇನ್ನೊಂದು ಕಿತಾಪತಿ ಮಾಡಿದೆ. ಪ್ರತಿ ಶನಿವಾರ ಗ್ಯಾರೇಜಿನವನು ಹಳೆಯ ಫೈಲೋ ಹೊಸದೋ ಒಂದನ್ನು ಹಾಕಿ, ಯಾವುದೆಂದು ಚೀಟಿಯಲ್ಲಿ ಬರೆದು ಲಕೋಟೆ ಅಂಟಿಸಿ ಕೊಡಬೇಕು. ಪೆಡಲಿನ ಕೋಷ್ಟಕ ಮಾತ್ರ ಎರಡರಲ್ಲೂ ಹೊಸದೇ ಇರಲಿ ಅಂದೆ. "ಎಂತ ಮಾವ, ನಂಬ್ಕಿ ಇಲ್ಯಾ?" ಅಂತ ಹುಡುಗ ಮುಖ ಊದಿಸಿಕೊಂಡ. ಎರಡನೇ ಭಾನುವಾರ ನನ್ನ ಜೊತೆ ಮಾತೇ ಇಲ್ಲ, ಬರೀ ಗೇರು ಹಾಕುವುದು.

ನಾಲ್ಕು ಭಾನುವಾರವಾದ ಮೇಲೆ ಮನೆಯಲ್ಲಿ ಲಕೋಟೆ ಒಡೆದೆವು. "ಇವತ್ತು ಟ್ಯೂನಿಂಗ್ ಇತ್ತ್, ಇವತ್ತು ಇಲ್ಲೆ" ಅಂತ ಹುಡುಗ ಹೇಳಿದ್ದರಲ್ಲಿ ಎರಡು ಸರಿ, ಎರಡು ತಪ್ಪು. ನನ್ನ ಊಹೆಯೂ ಅಷ್ಟೇ. ನಾಣ್ಯ ಚಿಮ್ಮಿದರೂ ಅಷ್ಟು ಬರುತ್ತಿತ್ತು. ಸ್ಟಾಪ್‌ವಾಚು ಮಾತ್ರ ತಪ್ಪಲಿಲ್ಲ. ಹಳೆಯ ಫೈಲಿನ ಸರಾಸರಿ 10.4 ಸೆಕೆಂಡು, ಹೊಸದರದು 9.5. ಒಂದೊಂದು ಓಟದಲ್ಲಿ ಅರ್ಧ ಸೆಕೆಂಡು ಆಚೀಚೆ ಆಗುತ್ತಿತ್ತು, ಆದ್ದರಿಂದ ಒಂದೇ ಸಲ ಓಡಿಸಿ ನೋಡಿದ್ದರೆ ಏನು ಬೇಕಾದರೂ ಸಾಧಿಸಬಹುದಿತ್ತು.

ಆ ತೂಕವನ್ನು 30ರಿಂದ 60ಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 250 ಕಿಲೋಜೂಲ್. 10.4ರಿಂದ ಭಾಗಿಸಿದರೆ 24 ಕಿಲೋವಾಟ್, ಅಂದರೆ 32 ಕುದುರೆ. 9.5ರಿಂದ ಭಾಗಿಸಿದರೆ 35 ಕುದುರೆ. ಗಾಳಿ, ರಸ್ತೆಯ ತಡೆ ಇದರಲ್ಲಿ ಸೇರಿಲ್ಲ. ಅದು ಎರಡೂ ಸಲ ಒಂದೇ ಆದ್ದರಿಂದ ವ್ಯತ್ಯಾಸವನ್ನಷ್ಟೇ ನಂಬಬಹುದು. ಮೂರು ಕುದುರೆ! ಮೇಲಿನ ಸುತ್ತುಗಳಲ್ಲಿ ಐದಾರು ಇದ್ದೀತು ಅನ್ನಿ. ಇಪ್ಪತ್ತಂತೂ ಅಲ್ಲ. ಅದೇ ಪಂಪು, ಟ್ಯಾಂಕ್ ತುಂಬಾ ಡೀಸೆಲ್ ಹಾಕಿಸಿ ಮೈಲೇಜನ್ನೂ ಬರೆದಿಟ್ಟೆವು. ಟ್ರಾಫಿಕ್ಕಿನಿಂದ ವಾರವಾರಕ್ಕೆ ಆಗುವ ಏರುಪೇರಿನಲ್ಲಿ ಟ್ಯೂನಿಂಗಿನ ಪಾಲು ಕಾಣಿಸಲೇ ಇಲ್ಲ. ಹೊಗೆ ಕಾಣಿಸಿತು. ಪಿ.ಯು.ಸಿ. ಯಂತ್ರದಲ್ಲಿ ಹಳೆಯ ಫೈಲಿಗೆ 24, ಹೊಸದಕ್ಕೆ 41. ಬಿ.ಎಸ್. 4 ಡೀಸೆಲ್ ಗಾಡಿಗೆ ಮಿತಿ 50, ಹಾಗಾಗಿ ಪಾಸೇ. ಆದರೆ ಹೆಚ್ಚಿಗೆ ಹಾಕಿದ ಡೀಸೆಲ್ಲು ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಯಿತಲ್ಲ.

ಹುಡುಗ ಕಾಗದವನ್ನು ತುಂಬ ಹೊತ್ತು ನೋಡಿದ. ಆಮೇಲೆ, "ಮೂರು ಆರೂ ಮೂರೇ, ಹತ್ತುಕೆ ಸಾಕ್" ಅಂದ.

"ಹತ್ತುವುದು ಆಯ್ತು ಮಗಾ, ಇಳಿಯುವುದು?" ಅಂದೆ. ಟ್ಯೂನಿಂಗಿನವನು ಬ್ರೇಕು ಮುಟ್ಟಿರಲಿಲ್ಲ. ಕ್ಲಚ್ಚು, ಪಾಟಾ, ಟೈರು ಎಲ್ಲ ಅದೇ ಒಂದೂಕಾಲು ಟನ್ನಿನವು. ಕುದುರೆ ಇಪ್ಪತ್ತು ಬಂದಿದ್ದರೂ ಅಷ್ಟೇ. ಈ ಪ್ರಶ್ನೆಯನ್ನು ಮೊದಲ ದಿನವೇ ಕೇಳಬಹುದಿತ್ತು, ಸ್ಟಾಪ್‌ವಾಚು ಯಾಕೆ ಬೇಕಿತ್ತು ಅಂತ ನೀವು ಕೇಳಿದರೆ... ಮೊದಲ ದಿನ ನಾನೂ ಪೆಡಲಿನ ಮೇಲೇ ಇದ್ದೆ.

ಅವನು ಅಲ್ಲೇ ಕಂಟ್ರಾಕ್ಟರಿಗೆ ಫೋನ್ ಮಾಡಿ, ಒಂದೂಕಾಲು ಟನ್ನಾದರೆ ಬರುತ್ತೇನೆ, ಇನ್ನೊಂದು ಟ್ರಿಪ್ ಬೇಕಾದರೆ ಹೊಡೆಯುತ್ತೇನೆ ಅಂದ. ಆಚೆಯವನು ಇಟ್ಟುಬಿಟ್ಟ. ಆ ಕೆಲಸ ಬೇರೆ ಯಾರಿಗೋ ಹೋಯಿತು. ಮಾರ್ಚಿನ ಕಂತಿನಲ್ಲಿ ಅರ್ಧ ನಾನೇ ಕಟ್ಟಿದೆ, ಅಕ್ಕನಿಗೆ ಹೇಳಲಿಲ್ಲ. ಗ್ಯಾರೇಜಿನವನು ಹಳೆಯ ಫೈಲನ್ನು ಪುಕ್ಕಟೆ ವಾಪಸ್ ಹಾಕಿಕೊಟ್ಟ, ದುಡ್ಡು ಕೊಡಲಿಲ್ಲ. ಪೆಡಲಿನ ಕೋಷ್ಟಕ ಮಾತ್ರ ಹಾಗೇ ಇರಲಿ ಅಂತ ಹುಡುಗ ಹಟ ಹಿಡಿದ. ಇರಲಿ ಬಿಡು ಅಂದೆ.