ಬೌಲರನ ಭುಜ

ಹತ್ತನೇ ತರಗತಿಯಲ್ಲಿರುವ ನನ್ನ ಮಗ ವೇಗದ ಬೌಲರ್ ಆಗುತ್ತೇನೆಂದು ಹಟ ಹಿಡಿದಿದ್ದಾನೆ. ಮಾಗಡಿಯಿಂದ ದಿನವೂ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ ತರಬೇತಿ ಪಡೆಯುತ್ತಾನಂತೆ. ಪಿಯುಸಿಯನ್ನು ಆಮೇಲೆ ಯಾವಾಗಲಾದರೂ ಕಟ್ಟಿಕೊಳ್ಳುತ್ತಾನಂತೆ. ಅವನ ತಾಯಿಯ ಮಾತು ಒಂದೇ: “ಕ್ರಿಕೆಟ್ ಅನ್ನ ಹಾಕುತ್ತಾ?” ಹಾಕುತ್ತದೆ, ಕೆಲವರಿಗೆ. ಆದರೆ ಆ ಅನ್ನ ನಿಂತಿರುವುದು ಒಂದು ಭುಜದ ಕೀಲಿನ ಮೇಲೆ.

ಅವನಿಗೆ ನಾನು ಹೇಳಿದ್ದು ಮೈಸೂರಿನ ಜಾವಗಲ್ ಶ್ರೀನಾಥರ ಕಥೆ. ಜಯಚಾಮರಾಜೇಂದ್ರ ಕಾಲೇಜಿನಲ್ಲಿ ಇಂಜಿನಿಯರಿಂಗ್ ಓದಿದವರು. ಹೈದರಾಬಾದ್ ವಿರುದ್ಧದ ಮೊದಲ ರಣಜಿ ಪಂದ್ಯದಲ್ಲೇ ಹ್ಯಾಟ್ರಿಕ್. 1991ರಲ್ಲಿ ಬ್ರಿಸ್ಬೇನಿನಲ್ಲಿ ಮೊದಲ ಟೆಸ್ಟ್. ಆಮೇಲೆ? ಸ್ವದೇಶದಲ್ಲಿ ಒಂದು ಟೆಸ್ಟ್ ಆಡಲು 1994ರ ಕೊನೆಯವರೆಗೆ ಕಾದರು. 1996ರಲ್ಲಿ ಅಹಮದಾಬಾದಿನಲ್ಲಿ ದಕ್ಷಿಣ ಆಫ್ರಿಕಾವನ್ನು 105ಕ್ಕೆ ಉರುಳಿಸಿದಾಗ ಅವರಿಗೆ 21 ರನ್ನಿಗೆ 6 ವಿಕೆಟ್. ಮರುವರ್ಷವೇ ಭುಜದ ಶಸ್ತ್ರಚಿಕಿತ್ಸೆ. ವೆಸ್ಟ್ ಇಂಡೀಸ್ ಪ್ರವಾಸ ತಪ್ಪಿತು.

ಪೆಟ್ಟಾದದ್ದು ರೊಟೇಟರ್ ಕಫ್ ಎಂಬಲ್ಲಿ, ಅಂದರೆ ತೋಳಿನ ಗುಂಡನ್ನು ಕೀಲಿನೊಳಗೆ ಹಿಡಿದಿಡುವ ನಾಲ್ಕು ಸ್ನಾಯುಗಳ ಕಟ್ಟಿನಲ್ಲಿ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್‌ಗಳನ್ನು ಕಾಡುವುದೂ ಇದೇ. ಅಲ್ಲಿ ಲಿಟಲ್ ಲೀಗ್ ಎಂಬ ಮಕ್ಕಳ ಸಂಸ್ಥೆ 2007ರಿಂದ ಎಸೆತಗಳನ್ನು ಎಣಿಸುತ್ತಿದೆ. ಹದಿನೈದರ ಹುಡುಗ ದಿನಕ್ಕೆ 95ಕ್ಕಿಂತ ಹೆಚ್ಚು ಎಸೆಯುವಂತಿಲ್ಲ; ಅಷ್ಟು ಎಸೆದರೆ ನಾಲ್ಕು ದಿನ ಪಿಚಿಂಗ್ ಇಲ್ಲ. ಪಂದ್ಯ ಸೋಲುತ್ತಿದ್ದರೂ ಅಷ್ಟೆ.

ಒಂದು ಭಾನುವಾರ ನಮ್ಮ ಕೋಟೆ ಬಯಲಿನ ಅಂಚಿನಲ್ಲಿ ಕುಳಿತು ನಾನೂ ಎಣಿಸಿದೆ. ಅಲ್ಲಿ ಒಟ್ಟಿಗೇ ನಾಲ್ಕು ಪಂದ್ಯ ನಡೆಯುತ್ತವೆ. ಒಂದರ ಫೀಲ್ಡರ್ ಇನ್ನೊಂದರ ಅಂಪೈರ್ ಪಕ್ಕದಲ್ಲಿ ನಿಂತಿರುತ್ತಾನೆ. ಚೆನ್ನಾಗಿ ಎಸೆಯುವವನನ್ನು ಎಲ್ಲ ತಂಡದವರೂ ಕರೆಯುತ್ತಾರೆ. ಮಗ ಮಧ್ಯಾಹ್ನದೊಳಗೆ ಮೂರು ಪಂದ್ಯಗಳಲ್ಲಿ 138 ಚೆಂಡು ಎಸೆದ. ರಾತ್ರಿ ಊಟದ ತಟ್ಟೆಯನ್ನು ಎಡಗೈಯಲ್ಲಿ ಎತ್ತಿದ. ಕೇಳಿದರೆ “ಏನಿಲ್ಲಪ್ಪ” ಎಂದ.

ಶ್ರೀನಾಥ್ 67 ಟೆಸ್ಟ್‌ಗಳಲ್ಲಿ 236 ವಿಕೆಟ್ ಪಡೆದರು. 2003ರ ವಿಶ್ವಕಪ್ ಫೈನಲ್ಲೇ ಅವರ ಕೊನೆಯ ಅಂತರರಾಷ್ಟ್ರೀಯ ಪಂದ್ಯ. ಆಗ ವಯಸ್ಸು 33. (ನಮ್ಮಲ್ಲಿ ಆ ವಯಸ್ಸಿಗೆ ಸರ್ಕಾರಿ ಕೆಲಸದ ಆರ್ಡರ್ ಕೈಗೆ ಬರುವವರಿದ್ದಾರೆ.) 2006ರಲ್ಲಿ ಐಸಿಸಿ ಮ್ಯಾಚ್ ರೆಫರಿಯಾದರು. ಈ ರೆಫರಿ ಕೆಲಸ ನನ್ನ ಹೆಂಡತಿಗೆ ಬಹಳ ಹಿಡಿಸಿತು. ಮಗನಿಗೆ ಹಿಡಿಸಿದ್ದು ಬೇರೆ: “ಭುಜದ ಆಪರೇಷನ್ ಆದಮೇಲೂ ಐದಾರು ವರ್ಷ ಆಡಿದ್ರಲ್ಲಪ್ಪ?” ಅದೂ ನಿಜವೇ.

ಸದ್ಯಕ್ಕೆ ಒಂದು ಒಪ್ಪಂದವಾಗಿದೆ. ಪಿಯುಸಿಗೆ ಊರಿನಲ್ಲೇ ಸೇರುವುದು, ಶನಿವಾರ ಭಾನುವಾರ ಬೆಂಗಳೂರಿನಲ್ಲಿ ತರಬೇತಿ, ದಿನಕ್ಕೆ 95 ಚೆಂಡು. ಲೆಕ್ಕ ಅವನ ತಂಗಿಯ ಕೈಯಲ್ಲಿ. ಅವಳು ಬಲು ಕಟ್ಟುನಿಟ್ಟು. ವೈಡ್, ನೋಬಾಲ್‌ಗಳನ್ನೂ ಬಿಡುವುದಿಲ್ಲ.