ಊರೊಳಗೆ ಕರಗಿದ ಊರು

ಊರುಗಳಿಗೂ ಮನುಷ್ಯರಂತೆಯೇ ಏಳುಬೀಳುಗಳುಂಟು. ಇಂದು ಲಿಂಗಸುಗೂರು ಪಟ್ಟಣದಲ್ಲಿ ಬೆರೆತುಹೋಗಿರುವ ಕರಡಕಲ್ಲು ಹಿಂದೆ ಅದರ ನೆರೆಯ ಹಳ್ಳಿ. ಅದಕ್ಕೂ ಹಿಂದೆ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಕರಡಿಕಲ್ಲು ಮುನ್ನೂರು ಎಂಬ ನಾಡಿಗೇ ಹೆಸರಿತ್ತ ಊರು.

ಹಳ್ಳಿಯನ್ನು ಒಳಗೊಂಡ ಪಟ್ಟಣದ ಪಾಡಾದರೂ ಏನು? ನಿಜಾಮರ ಆಳ್ವಿಕೆಯಲ್ಲಿ ಲಿಂಗಸುಗೂರು ಜಿಲ್ಲಾಕೇಂದ್ರವಾಗಿತ್ತು; ಸಿಂಧನೂರು, ಕುಷ್ಟಗಿ, ಗಂಗಾವತಿ, ಶಹಾಪುರ, ಸುರಪುರಗಳು ಅದರ ಅಂಕೆಯಲ್ಲಿದ್ದವು. 1905ರಲ್ಲಿ ಆ ಜಿಲ್ಲೆಯೇ ಅಳಿಯಿತು. ಶಹಾಪುರ, ಸುರಪುರಗಳು ಗುಲ್ಬರ್ಗಕ್ಕೆ ಸೇರಿದವು. ಉಳಿದವು, ಲಿಂಗಸುಗೂರೂ ಸಹ, ರಾಯಚೂರಿನ ಪಾಲಾದವು.

ಅಂದು ಲಿಂಗಸುಗೂರು ತಾಲೂಕಿಗೆ ಸೇರಿದ್ದ ಮಸ್ಕಿಯ ಭಾಗ್ಯ ಬೇರೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಸಿ. ಬೀಡನ್ ಅಲ್ಲಿಯ ಬಂಡೆಯ ಮೇಲೊಂದು ಶಾಸನವನ್ನು ಕಂಡರು. ಶಾಸನಗಳ ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದು ಅದರಲ್ಲಿದ್ದ ಒಂದೇ ಹೆಸರಿನಿಂದ ಸ್ಥಿರಪಟ್ಟಿತು. ಮಸ್ಕಿ ಈಗ ತಾನೇ ಒಂದು ತಾಲೂಕು.

ಚಕ್ರವರ್ತಿಯ ಹೆಸರನ್ನು ಬಂಡೆಯೊಂದು ಎರಡು ಸಾವಿರ ವರ್ಷಗಳಿಗೂ ಮಿಗಿಲಾಗಿ ಕಾಯ್ದಿತು. ಕರಡಕಲ್ಲಿನ ಹೆಸರನ್ನು ಕಾಯಬೇಕಾದವರು ಅಲ್ಲಿಯ ಜನರೇ. ಊರ ಎಲ್ಲೆಗಳನ್ನು ಸರಕಾರಗಳು ಅಳಿಸಬಹುದು, ಹೊಸದಾಗಿ ಎಳೆಯಬಹುದು. ಆದರೆ ‘ನಮ್ಮದು ಕರಡಕಲ್ಲು’ ಎಂದು ಅಜ್ಜನು ಮೊಮ್ಮಗನಿಗೆ ಹೇಳುತ್ತಿರುವವರೆಗೆ ಆ ಊರು ಅಳಿಯಲಾರದು.